‘ಗಿಡಮೂಲಿಕೆ’ ಎಂಬ ಹಣೆಪಟ್ಟಿ ಕ್ರೀಡಾಪಟುವನ್ನು ಕಾಯದು

ಮಾನ್ಯ ಸಂಪಾದಕರೇ,

ಬಳ್ಳಾರಿಯ ಬಸ್ ನಿಲ್ದಾಣದ ಕಂಬಗಳ ಮೇಲೆ, ಬೆಳಗಿನ ಪತ್ರಿಕೆಯೊಳಗೆ ಮಡಚಿ ಬರುವ ಕರಪತ್ರಗಳಲ್ಲಿ ಹಸಿವನ್ನು ಅಡಗಿಸುವ ‘ಶುದ್ಧ ಗಿಡಮೂಲಿಕೆ’ ಪುಡಿಗಳ ಜಾಹೀರಾತು ಹೆಚ್ಚುತ್ತಿರುವುದನ್ನು ತಾವೂ ಗಮನಿಸಿರಬಹುದು. ಬೊಜ್ಜು ಇರುವವರಿಗಾಗಿ ಅವು ಎಂದು ನಾವೆಲ್ಲ ತಿಳಿದಿದ್ದೇವೆ. ಆದರೆ ಮೈಮೇಲೆ ಹಿಡಿ ಕೊಬ್ಬೂ ಇಲ್ಲದ ಹುಡುಗರು ಅವನ್ನು ಕೊಳ್ಳುತ್ತಿದ್ದಾರೆ ಎಂಬುದನ್ನು, ದೈಹಿಕ ಶಿಕ್ಷಣ ಶಿಕ್ಷಕನಾಗಿ ನಿವೃತ್ತನಾಗಿ ಈಗ ಸಂಜೆಯ ಹೊತ್ತು ಗರಡಿಮನೆಯಲ್ಲಿ ಕೂರುವ ನಾನು ಕಣ್ಣಾರೆ ಕಂಡಿದ್ದೇನೆ.

ಕಳೆದ ವರ್ಷ ನಮ್ಮ ಗರಡಿಯ ಹತ್ತೊಂಬತ್ತರ ಹುಡುಗನೊಬ್ಬ ಆಯ್ಕೆ ಸ್ಪರ್ಧೆಗೆ ಹನ್ನೆರಡು ದಿನವಿರುವಾಗ 61 ಕೆ.ಜಿ. ತೂಗುತ್ತಿದ್ದ, ಹೆಸರು ಕೊಟ್ಟಿದ್ದು ಮಾತ್ರ 57 ಕೆ.ಜಿ. ವಿಭಾಗಕ್ಕೆ. ರೊಟ್ಟಿ ಬಿಟ್ಟ, ಆಮೇಲೆ ಮಜ್ಜಿಗೆಯನ್ನೂ ಬಿಟ್ಟ. ಮಧ್ಯಾಹ್ನದ ಬಿಸಿಲಿನಲ್ಲಿ ಪ್ಲಾಸ್ಟಿಕ್ ಮಳೆ ಅಂಗಿ ತೊಟ್ಟು ಓಡಿದ. ಹಸಿವು ತಡೆಯಲಾರದಾಗ ಗೆಳೆಯನೊಬ್ಬ ತಂದುಕೊಟ್ಟ ಪುಡಿಯನ್ನು ದಿನಕ್ಕೆ ಮೂರು ಸಲ ಗುಟುಕು ಬಿಸಿನೀರಿನಲ್ಲಿ ಕದಡಿ ಕುಡಿಯತೊಡಗಿದ. ತೂಕ ನೋಡುವ ಹಿಂದಿನ ರಾತ್ರಿ ಅವನು ಖಾಲಿ ಬಾಟಲಿಯೊಂದಕ್ಕೆ ಉಗುಳುತ್ತ ಕೂತಿದ್ದ. ತುಟಿ ಒಡೆದಿತ್ತು, ಬೆರಳು ನಡುಗುತ್ತಿದ್ದವು, ಮಣಿಕಟ್ಟು ಹಿಡಿದರೆ ನಾಡಿ ಎಣಿಸಲಾಗದಷ್ಟು ಓಡುತ್ತಿತ್ತು. ಎರಡು ರಾತ್ರಿಯಿಂದ ನಿದ್ದೆ ಬಂದಿಲ್ಲ ಎಂದ. ತೂಕವೇನೋ ಸರಿಹೋಯಿತು. ಎರಡನೆಯ ಕುಸ್ತಿಯಲ್ಲಿ ಎದುರಾಳಿ ಕಾಲಿಗೆ ಕೈ ಹಾಕಿದಾಗ ಹಿಂದೆ ಸರಿಯುವಷ್ಟೂ ಕಸುವಿಲ್ಲದೆ ಬಿದ್ದು, ಸಂಜೆ ಆಸ್ಪತ್ರೆಯಲ್ಲಿ ಸಲೈನ್ ಹಾಕಿಸಿಕೊಂಡ. ನಾನು ಆ ಪೊಟ್ಟಣವನ್ನು ತಿರುವಿ ನೋಡಿದೆ. ಒಂದು ಹಸಿರೆಲೆಯ ಚಿತ್ರವಿತ್ತು, ಒಂದು ಮೊಬೈಲ್ ಸಂಖ್ಯೆಯಿತ್ತು. ತಯಾರಿಕೆಯ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಯಾವ ಮೂಲಿಕೆ ಎಷ್ಟು ಎಂಬ ಪಟ್ಟಿ ಯಾವುದೂ ಇರಲಿಲ್ಲ.

ಇಂಥ ಪುಡಿಗಳಲ್ಲಿ ಹೆಸರು ಹೇಳಿ ಮಾರುವವೂ ಇವೆ. ಅವುಗಳಲ್ಲೊಂದು ಕ್ಯಾರಲ್ಲುಮಾ, ನಮ್ಮ ಸೀಮೆಗೆ ಹೊಸದೇನಲ್ಲದ, ಒಣ ಕಲ್ಲುಗುಡ್ಡಗಳಲ್ಲಿ ಕಳ್ಳಿಯಂತೆ ರಸಭರಿತ ಕಾಂಡ ಬಿಡುವ ಗಿಡ; ಅದರ ಶಾಸ್ತ್ರೀಯ ಹೆಸರೇ ತೆಲುಗಿನಿಂದ ಹುಟ್ಟಿದ್ದು. ಬೆಂಗಳೂರಿನಲ್ಲಿ 50 ಮಂದಿಗೆ ಅದರ ಸಾರವನ್ನು ದಿನಕ್ಕೆ ಒಂದು ಗ್ರಾಮಿನಂತೆ 60 ದಿನ ಕೊಟ್ಟು ನಡೆಸಿದ, 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಸಿವು ಮತ್ತು ಸೊಂಟದ ಸುತ್ತಳತೆ ಕಡಿಮೆಯಾದವು. ದೇಹದ ತೂಕದಲ್ಲಿ ಮಾತ್ರ, ಹೋಲಿಕೆಗೆಂದು ಕೊಟ್ಟ ಮದ್ದಿಲ್ಲದ ಹುಸಿಗುಳಿಗೆ ನುಂಗಿದವರಿಗೂ ಇವರಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮಲೆನಾಡಿನ ಉಪ್ಪಾಗೆ ಹಣ್ಣಿನ ಸಿಪ್ಪೆಯಿಂದ ತೆಗೆಯುವ ಆಮ್ಲವನ್ನು 1998ರಲ್ಲಿ ಅಮೆರಿಕದಲ್ಲಿ 12 ವಾರ ಪರೀಕ್ಷಿಸಿದಾಗಲೂ ತೂಕದ ವಿಷಯದಲ್ಲಿ ಫಲ ಅಷ್ಟೇ. ಅಂದರೆ, ಎರಡು ಮೂರು ತಿಂಗಳು ಸೇವಿಸಿದರೂ ತೂಕ ಇಳಿಯುವುದು ಖಚಿತವಿಲ್ಲದ ವಸ್ತುವಿನಿಂದ ಹನ್ನೆರಡು ದಿನದಲ್ಲಿ ನಾಲ್ಕು ಕೆ.ಜಿ. ಇಳಿಯಿತೆಂದರೆ ಇಳಿದದ್ದು ಬಹುಪಾಲು ನೀರು, ಸ್ನಾಯುವಿನಲ್ಲಿ ಕೂಡಿಟ್ಟ ಶಕ್ತಿ. ಕುಸ್ತಿಗೆ ಬೇಕಾದದ್ದೂ ಅವೇ. 1997ರಲ್ಲಿ ಅಮೆರಿಕದ ಮೂವರು ಕಾಲೇಜು ಪೈಲ್ವಾನರು ಹೀಗೆ ಬೆವರಿಳಿಸಿ ತೂಕ ಇಳಿಸುತ್ತಲೇ ಒಂದು ತಿಂಗಳ ಆಸುಪಾಸಿನಲ್ಲಿ ಸತ್ತರು. ಆಮೇಲೆ ಅಲ್ಲಿನ ಕಾಲೇಜು ಕ್ರೀಡಾ ಮಂಡಳಿ ರಬ್ಬರ್ ಅಂಗಿಯನ್ನು ನಿಷೇಧಿಸಿತು. ಚಳಿಗಾಲದಲ್ಲಿ ಅಲ್ಲಿ ಆದದ್ದು ಇದು. ನಮ್ಮದು ಬಳ್ಳಾರಿಯ ಬಿಸಿಲು.

ಹೆಸರು ಹೇಳದೆ ಮಾರುವ ಪುಡಿಗಳ ಅಪಾಯ ಬೇರೆ ಬಗೆಯದು. ಹಸಿವನ್ನು ಅಡಗಿಸುವ ಸಿಬುಟ್ರಮಿನ್ ಎಂಬ ರಾಸಾಯನಿಕ ಔಷಧವನ್ನು, ಹೃದಯಕ್ಕೆ ಹಾನಿಯೆಂದು ಅಮೆರಿಕ, ಯುರೋಪುಗಳಲ್ಲಿ 2010ರಲ್ಲಿ ಮಾರುಕಟ್ಟೆಯಿಂದ ತೆಗೆಯಲಾಯಿತು. ಭಾರತ 2011ರಲ್ಲಿ ನಿಷೇಧಿಸಿತು. ಗಿಡಮೂಲಿಕೆಯೆಂದು ಮಾರುವ ಪುಡಿಗಳಲ್ಲಿ ಅದನ್ನೇ ಕದ್ದು ಬೆರೆಸಿದ್ದು ಹಲವು ದೇಶಗಳಲ್ಲಿ ಮತ್ತೆ ಮತ್ತೆ ಪತ್ತೆಯಾಗಿದೆ. ಇನ್ನು ಬೆರಕೆಯೇ ಇಲ್ಲದ ಅಪ್ಪಟ ಸೋಮಲತೆ ಎಂಬ ಮೂಲಿಕೆಯನ್ನೇ ತೆಗೆದುಕೊಂಡರೂ ಅದರೊಳಗೆ ಎಫೆಡ್ರಿನ್ ಎಂಬ ಉತ್ತೇಜಕ ಸಹಜವಾಗಿಯೇ ಇದೆ; ಸ್ಪರ್ಧೆಯ ಸಮಯದ ಮೂತ್ರದಲ್ಲಿ ಅದು ಮಿಲಿಲೀಟರಿಗೆ 10 ಮೈಕ್ರೊಗ್ರಾಂ ದಾಟಿದರೆ ಉದ್ದೀಪನ ಮದ್ದಿನ ಪ್ರಕರಣವಾಗುತ್ತದೆ. ಮೂತ್ರ ಹೆಚ್ಚಿಸುವ ಮದ್ದುಗಳಂತೂ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ಪಟ್ಟಿಯಲ್ಲಿ ವರ್ಷವಿಡೀ ನಿಷಿದ್ಧ. ‘ನನಗೆ ಗೊತ್ತಿರಲಿಲ್ಲ’ ಎಂಬ ಮಾತಿನಿಂದ ಶಿಕ್ಷೆ ಕಡಿಮೆಯಾದೀತೇ ಹೊರತು ತಪ್ಪು ಅಳಿಯುವುದಿಲ್ಲ. 2010ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಚಿನ್ನ ಗೆದ್ದ ನಮ್ಮದೇ ರಾಜ್ಯದ ಅಶ್ವಿನಿ ಅಕ್ಕುಂಜಿ ಮರುವರ್ಷ ಸ್ಟೀರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಾಗ, ಅವರೂ ಜೊತೆಯ ಓಟಗಾರ್ತಿಯರೂ ದೂರಿದ್ದು ತರಬೇತುದಾರ ತಂದುಕೊಟ್ಟ ಜಿನ್‌ಸೆಂಗ್ ಬೇರಿನ ಗುಳಿಗೆಯನ್ನು. ಇಲ್ಲಿ ಒಂದು ವರ್ಷವಾಗಿದ್ದ ನಿಷೇಧವನ್ನು ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ 2012ರಲ್ಲಿ ಎರಡು ವರ್ಷಕ್ಕೆ ಏರಿಸಿತು. 2023ರಲ್ಲಿ ಭಾರತದಿಂದ ಪರೀಕ್ಷೆಗೊಳಗಾದ 5,606 ಮಾದರಿಗಳಲ್ಲಿ ಶೇ 3.8ರಷ್ಟು ಉದ್ದೀಪನ ಮದ್ದು ತೋರಿಸಿದವು.

ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್ 100 ಗ್ರಾಂ ಹೆಚ್ಚಾಗಿ ಫೈನಲ್ ಕಳೆದುಕೊಂಡ ದಿನ ಗರಡಿಯ ಹುಡುಗರು ಕಣ್ಣೀರು ಹಾಕಿದ್ದರು. ಆದರೆ ಅವರು ಅದರಿಂದ ತಿಳಿದುಕೊಂಡದ್ದು ಇನ್ನಷ್ಟು ಬಿಗಿಯಾಗಿ ಹೊಟ್ಟೆ ಕಟ್ಟಬೇಕೆಂದು. ತನ್ನ ಸಹಜ ತೂಕ ಯಾವುದೆಂದು ಆರು ತಿಂಗಳ ಮೊದಲೇ ನೋಡಿಕೊಳ್ಳಬೇಕೆಂದಲ್ಲ. ಜಾತ್ರೆಯ ಮಣ್ಣಿನ ಕುಸ್ತಿಯಲ್ಲಿ ಹಿರಿಯರು ಕಣ್ಣಳತೆಯಲ್ಲೇ ಜೋಡಿ ಹಚ್ಚುತ್ತಿದ್ದರು, ಪೈಲ್ವಾನನ ಖುರಾಕು ಊರಿಗೇ ಹೆಮ್ಮೆಯ ಮಾತಾಗಿತ್ತು. ಮ್ಯಾಟಿಗೆ ಬಂದ ಮೇಲೆ ತಕ್ಕಡಿ ಬೇಕೇ ಬೇಕು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ತೋರಣಗಲ್ಲಿನ ಕ್ರೀಡಾ ಸಂಸ್ಥೆಯಂಥ ಕಡೆ ಸೇರಿದ ಮಕ್ಕಳಿಗೆ ಊಟ, ತೂಕ ನೋಡಿಕೊಳ್ಳುವ ತಜ್ಞರಿದ್ದಾರೆ. ಗರಡಿಯ ಹುಡುಗನಿಗೆ ಸಿಗುವ ಸಲಹೆಯೆಂದರೆ ಕರಪತ್ರದ್ದೇ. ವಾರಕ್ಕೆ ಅರ್ಧ ಕೆ.ಜಿ.ಯಂತೆ, ರಾತ್ರಿಯ ಅನ್ನ ಮತ್ತು ಕರಿದದ್ದನ್ನು ಕಡಿಮೆ ಮಾಡಿ, ಬೇಳೆ, ಮೊಟ್ಟೆ, ಮಜ್ಜಿಗೆ ಬಿಡದೆ ಇಳಿಸಿದರೆ ಕಸುವು ಉಳಿಯುತ್ತದೆ ಎಂದು ಹೇಳುವವರು ಅವನಿಗೆ ಬೇಕು. ಸ್ಪರ್ಧೆ ನಡೆಸುವವರು ಪ್ರವೇಶಪತ್ರ ಪಡೆಯುವ ದಿನವೇ ಒಮ್ಮೆ ತೂಕ ನೋಡಿ, ಹೆಸರು ಕೊಟ್ಟ ವಿಭಾಗಕ್ಕಿಂತ ತೀರಾ ಹೆಚ್ಚಿರುವವರನ್ನು ಮೇಲಿನ ವಿಭಾಗಕ್ಕೆ ಹಾಕಿದರೆ ಅರ್ಧ ಉಪವಾಸ ಅಲ್ಲೇ ನಿಲ್ಲುತ್ತದೆ.

ಪತ್ರಿಕೆಯವರಾದ ತಮ್ಮಲ್ಲೂ ಒಂದು ಬಿನ್ನಹ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯ ಅನುಸೂಚಿಯಲ್ಲಿ ಬೊಜ್ಜೂ ಸೇರಿದೆ. ಅದನ್ನು ಗುಣಪಡಿಸುವುದಾಗಿ ಮದ್ದಿನ ಜಾಹೀರಾತು ಕೊಡುವುದು ಕಾನೂನಿಗೆ ವಿರುದ್ಧ. ಹೋದ ಭಾನುವಾರ ತಮ್ಮ ಪತ್ರಿಕೆಯೊಳಗೆ ಮಡಚಿ ನಮ್ಮ ಮನೆಗೆ ಬಂದ ಅಂಥದೊಂದು ಕರಪತ್ರವನ್ನು ಈ ಪತ್ರದ ಜೊತೆಗೆ ಲಗತ್ತಿಸಿದ್ದೇನೆ.

ಇಂತಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ,
ಕೌಲ್ ಬಜಾರ್, ಬಳ್ಳಾರಿ