ಅವತ್ತು ಪಕ್ಕದ ಯಂತ್ರದ ಹತ್ತಿರ ಇದ್ದವರಿಗೆ

ನಿಮ್ಮ ಹೆಸರು ಕೇಳಿಕೊಳ್ಳಲೇ ಇಲ್ಲ, ಆ ಕೊರಗು ಇನ್ನೂ ಇದೆ.

ವಸ್ತು ಯಾವ ಇನ್‌ಫ್ರಾರೆಡ್ ಬೆಳಕನ್ನು ಹೀರುತ್ತದೆ ಎಂದು ನೋಡಿ ಅದರಲ್ಲಿನ ಬಂಧಗಳನ್ನು ಗುರುತಿಸುವ ಯಂತ್ರದ ಮುಂದೆ ನಾನು ಸೋತು ಕೂತಿದ್ದೆ. ಆಲ್ಕೋಹಾಲನ್ನು ಕೀಟೋನ್ ಮಾಡುವ ಕ್ರಿಯೆ ಅದು. ತರಂಗಸಂಖ್ಯೆ (ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆ ಎಂಬ ಲೆಕ್ಕ) 1715ರಲ್ಲಿ ಕೀಟೋನ್‌ನ ಗುರುತಾದ ಕಾರ್ಬೊನಿಲ್ (ಇಂಗಾಲ-ಆಮ್ಲಜನಕದ ಜೋಡಿ ಬಂಧ) ಪೀಕ್ ಚೂಪಾಗಿ ಬಂದಿತ್ತು. ಆದರೆ ಆಲ್ಕೋಹಾಲ್ ಇದ್ದರೆ ಕಾಣುವ, 3400ರ ಸುತ್ತಲಿನ ಅಗಲವಾದ ಪಟ್ಟಿ ಹೋಗುತ್ತಲೇ ಇರಲಿಲ್ಲ. ಆಲ್ಕೋಹಾಲ್ ಉಳಿದಿದೆ ಅಂದುಕೊಂಡು ಮೂರು ಸಲ ಮೊದಲಿನಿಂದ ಮಾಡಿದ್ದೆ.

ನೀವು ಪರದೆ ನೋಡಿ ಹೇಳಿದ್ದು ಒಂದೇ ಮಾತು: "1640ರಲ್ಲೂ ಏನಾದರೂ ಇದೆಯಾ ನೋಡಿ." ಇತ್ತು. ನೀರಿನ ಅಣುವಿನಲ್ಲಿ ಬಂಧ ಹಿಗ್ಗಿ ಕುಗ್ಗುವ ಕಂಪನ 3400ರ ಬಳಿ, ಕೋನ ಬಾಗುವ ಕಂಪನ 1640ರ ಬಳಿ. ಎರಡೂ ಜೊತೆಗೆ ಕಂಡರೆ ಮೊದಲು ತೇವವನ್ನೇ ಅನುಮಾನಿಸಬೇಕು ಎಂದಿರಿ. ನನ್ನ ವಸ್ತು ಸೇರಿಸದೆ ಮಾದರಿಯನ್ನು ಬೆರೆಸಲು ಬಳಸುವ ಪೊಟ್ಯಾಸಿಯಂ ಬ್ರೋಮೈಡ್ ಎಂಬ ಉಪ್ಪಿನ ಪುಡಿಯನ್ನಷ್ಟೇ ಬಿಲ್ಲೆಯಾಗಿ ಒತ್ತಿ ತೋರಿಸಿದಿರಿ. ಅವೇ ಎರಡು ಪಟ್ಟಿ! ಪುಡಿ ಗಾಳಿಯ ತೇವ ಹೀರಿಕೊಂಡಿತ್ತು. ಓವನ್‌ನಲ್ಲಿ ಒಣಗಿಸಿ ಹೊಸ ಬಿಲ್ಲೆ ಮಾಡಿದಾಗ 3400ರ ಜಾಗ ಬಹುತೇಕ ಸಪಾಟಾಯಿತು. ನನ್ನ ಕೀಟೋನ್ ಮೊದಲ ಸಲವೇ ಸರಿಯಾಗಿತ್ತು.

2350ರ ಪುಟ್ಟ ಜೋಡಿ ಪೀಕ್ ಗಾಳಿಯ ಕಾರ್ಬನ್ ಡೈಆಕ್ಸೈಡ್‌ನದು ಎಂದೂ ಹೇಳಿದಿರಿ. ನೀರಿನಲ್ಲಿ ಕರಗಿದ ಮಾದರಿಯಾದರೆ ಚದುರಿದ ಬೆಳಕನ್ನು ಅಳೆಯುವ ರಾಮನ್ ವಿಧಾನ ಹಿಡಿಯಿರಿ, ಅದರಲ್ಲಿ ನೀರಿನ ಅಡ್ಡಿ ಕಡಿಮೆ ಎಂದಿರಿ. 1928ರಲ್ಲಿ ಸಿ.ವಿ. ರಾಮನ್ ಕಂಡ ಆ ಬೆಳಕಿನ ಚದುರುವಿಕೆ ನನಗೆ ಅಲ್ಲಿಯವರೆಗೆ ಪರೀಕ್ಷೆಯ ಪ್ರಶ್ನೆ ಮಾತ್ರ ಆಗಿತ್ತು.

ಹೃತ್ಪೂರ್ವಕ ಧನ್ಯವಾದ. ಈಗ ಯಾವ ಮಾದರಿಗೂ ಮೊದಲು ಖಾಲಿ ಬಿಲ್ಲೆ ಇಟ್ಟು ನೋಡುತ್ತೇನೆ.