ಜುಲೈ ಬದಲು ಸೆಪ್ಟೆಂಬರ್: ದಕ್ಷಿಣ ಫ್ರಾನ್ಸ್ ಕೋಟೆ–ರಂಗಮಂದಿರ ಪ್ರವಾಸಕ್ಕೆ ಹೆಸರು ಕೊಟ್ಟವರಿಗೆ

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ಜುಲೈಗೆ ಗೊತ್ತುಮಾಡಿದ್ದ ಪ್ರವಾಸವನ್ನು 2026ರ ಸೆಪ್ಟೆಂಬರ್ 21ರಿಂದ 28ಕ್ಕೆ ಹಾಕಿದ್ದೇವೆ. ದರ ಮೊದಲಿನಷ್ಟೇ. ಊರುಗಳ ಸರದಿ ಬದಲಾಗಿದೆ. ಕೊನೆಗಿದ್ದ ಪ್ಯಾರಿಸ್ ರಾತ್ರಿಯನ್ನು ತೆಗೆದು ಕೋಟೆಯೂರು ಕಾರ್ಕಸೋನ್‌ಗೆ ಕೊಟ್ಟಿದ್ದೇವೆ.

ನೀವು ಹೊರಟಿರುವುದು ಕಟ್ಟಡ ನೋಡಲು. ಜುಲೈನಲ್ಲಿ ಅದೇ ಆಗುವುದಿಲ್ಲ, ಏಕೆಂದರೆ ಈ ಜಾಗಗಳೆಲ್ಲ ಆಗ ಕೆಲಸ ಮಾಡುತ್ತಿರುವ ರಂಗಮಂದಿರಗಳು. ಅವಿನ್ಯೋಂನ ಪೋಪ್ ಅರಮನೆಯ ದೊಡ್ಡ ಅಂಗಳದಲ್ಲಿ ನಾಟಕೋತ್ಸವಕ್ಕಾಗಿ ಸುಮಾರು 2,000 ಜನ ಕೂರುವ ಅಟ್ಟಣೆ ಏಳುತ್ತದೆ. ಅಂಗಳದ ಅಳತೆಯೇ ಕಣ್ಣಿಗೆ ಸಿಗುವುದಿಲ್ಲ. 1947ರಲ್ಲಿ ರಂಗನಿರ್ದೇಶಕ ಝಾನ್ ವಿಲಾರ್ ಆರಂಭಿಸಿದಾಗ ಆ ಉತ್ಸವ ನಡೆದದ್ದು ಸೆಪ್ಟೆಂಬರ್‌ನಲ್ಲಿ. ಜುಲೈಗೆ ಬಂದದ್ದು ಆಮೇಲೆ.

ಆರಾಂಜ್‌ನ ರೋಮನ್ ರಂಗಮಂದಿರದಲ್ಲಿ ತೊಂದರೆ ಇನ್ನೂ ಹೆಚ್ಚು. ಅಲ್ಲಿ ನೋಡಬೇಕಾದದ್ದು ರಂಗದ ಹಿಂಗೋಡೆ: 103 ಮೀಟರ್ ಉದ್ದ, 37 ಮೀಟರ್ ಎತ್ತರ. ಇಷ್ಟು ಪೂರ್ಣವಾಗಿ ಉಳಿದಿರುವ ರೋಮನ್ ರಂಗಗೋಡೆಗಳು ಬಹಳ ಕಡಿಮೆ. ಬೇಸಿಗೆಯ ಸಂಗೀತೋತ್ಸವದ ಹೊತ್ತಿಗೆ ಅದರ ಮುಂದೆ ಒಪೆರಾದ ರಂಗಸಜ್ಜು, ದೀಪದ ಕಂಬಗಳು ನಿಂತಿರುತ್ತವೆ. ಆಸನಗಳನ್ನು ಗುಡ್ಡದ ಉತ್ತರದ ಇಳಿಜಾರಿಗೆ ಒರಗಿಸಿ ಕಟ್ಟಿರುವುದರಿಂದ ಗೋಡೆಯ ಒಳಮೈ ದಕ್ಷಿಣಕ್ಕೆ ಮುಖ ಮಾಡಿದೆ. ಸೆಪ್ಟೆಂಬರ್ ಕೊನೆಯ ತಗ್ಗಿದ ಬಿಸಿಲಿಗೆ ಗೂಡುಗಳ ನೆರಳು ಎದ್ದು ಬೀಳುತ್ತದೆ. ಎಲ್ಲಿ ಕಂಬವಿತ್ತು, ಎಲ್ಲಿ ಅಮೃತಶಿಲೆ ಹೊದಿಸಿದ್ದರು ಎಂಬುದನ್ನು ಓದಿಕೊಳ್ಳಬಹುದು. ನೆತ್ತಿಯ ಮೇಲೆ ಕಾಣುವ ಗಾಜು–ಉಕ್ಕಿನ ಚಾವಣಿ 2006ರದ್ದು, ಹಳೆಯದೆಂದು ತಿಳಿಯಬೇಡಿ. ಹೊರಗೆ ಬೀದಿಗೆ ಬಂದು ಗೋಡೆಯ ಮೇಲ್ಭಾಗ ನೋಡಿ: ಎರಡು ಸಾಲು ಚಾಚುಗಲ್ಲುಗಳಿವೆ. ಅವುಗಳ ಆಸರೆಯಲ್ಲಿ ಕಂಬ ನಿಲ್ಲಿಸಿ ಪ್ರೇಕ್ಷಕರಿಗೆ ನೆರಳಿನ ಬಟ್ಟೆ ಎಳೆಯುತ್ತಿದ್ದರು.

ಆದ್ದರಿಂದಲೇ ಆರಾಂಜ್ ಮೊದಲು. ರೋಮನ್ ಕೆಲಸ ಒಮ್ಮೆ ಕಣ್ಣಿಗೆ ಪಳಗಿದರೆ ಕಾರ್ಕಸೋನ್‌ನ ಒಳಗೋಡೆಯಲ್ಲಿ ರೋಮನ್ ಬೇರು ತಾನಾಗಿ ಗುರುತು ಸಿಗುತ್ತದೆ. ಸಣ್ಣ ಕಲ್ಲುಗಳ ನಡುವೆ ಇಟ್ಟಿಗೆಯ ಪಟ್ಟಿ, ಹೊರಗೆ ದುಂಡು ಒಳಗೆ ಚಪ್ಪಟೆಯಾದ ಬುರುಜು ಕಂಡರೆ ಅದು ರೋಮನ್ ಕಾಲದ ಕೊನೆಯದು. ಮುಖ ಉಬ್ಬಿಸಿ ಕೆತ್ತಿದ ದೊಡ್ಡ ಕಲ್ಲುಗಳು 13ನೇ ಶತಮಾನದ ಕೊನೆಯ, ಫ್ರಾನ್ಸಿನ ದೊರೆ ಮೂರನೇ ಫಿಲಿಪ್‌ನ ಕಾಲದವು. ಚೂಪು ಟೋಪಿಯಂಥ ಕಪ್ಪು ಕಲ್ಲುಹಲಗೆಯ ಮಾಡುಗಳು 19ನೇ ಶತಮಾನದಲ್ಲಿ ವಾಸ್ತುಶಿಲ್ಪಿ ವಿಯೊಲೆ–ಲ–ದ್ಯುಕ್ ಕೂರಿಸಿದವು. ಉತ್ತರ ಫ್ರಾನ್ಸಿನ ಮಾಡನ್ನು ಹೆಂಚಿನ ಸೀಮೆಗೆ ತಂದರೆಂಬ ಆಕ್ಷೇಪ ಇಂದಿಗೂ ಇದೆ. ಆಕ್ಷೇಪ ಸರಿಯೇ. ಆದರೆ ಒಡೆಯುವ ಹಂತ ಮುಟ್ಟಿದ್ದ ಕೋಟೆ 1853ರಲ್ಲಿ ಆರಂಭವಾದ ಆ ದುರಸ್ತಿಯಿಂದಲೇ ಉಳಿದದ್ದೂ ಅಷ್ಟೇ ಸತ್ಯ.

ಅಲ್ಲಿ ಮೂರು ರಾತ್ರಿ ಏಕೆ? ಗಾಳಿ. ಗಾಳಿ ಜೋರಾದ ದಿನ ಗೋಡೆಯ ಮೇಲಿನ ದಾರಿಯನ್ನು ಮುಚ್ಚುತ್ತಾರೆ. ಒಂದೇ ದಿನ ಇಟ್ಟುಕೊಂಡರೆ ಕೆಳಗಿನಿಂದ ನೋಡಿ ಮರಳಬೇಕು. ಒಳ–ಹೊರ ಗೋಡೆ ಸೇರಿ ಸುಮಾರು 3 ಕಿ.ಮೀ., 52 ಗೋಪುರ. ಎರಡು ಗೋಡೆಗಳ ನಡುವಿನ ಬಯಲಿನಲ್ಲಿ ಬೆಳಿಗ್ಗೆ ಬೇಗ ನಡೆಯಿಸುತ್ತೇವೆ. ವಸತಿ ನದಿಯಾಚೆಯ ಕೆಳಪೇಟೆಯಲ್ಲಿ. ಮಂಡಿ ನೋವಿರುವವರು ಪಶ್ಚಿಮದ ಓಡ್ ಬಾಗಿಲಿನ ಏರು ಹತ್ತಬೇಡಿ; ಪೂರ್ವದ ನಾರ್ಬೊನೇಸ್ ಬಾಗಿಲಿಗೆ ವಾಹನದಲ್ಲಿ ಬಿಡುತ್ತೇವೆ.

ಮೊದಲ ನಾಲ್ಕು ರಾತ್ರಿ ಅವಿನ್ಯೋಂನಲ್ಲಿ. ಆರಾಂಜ್‌ಗೆ ಅಲ್ಲಿಂದಲೇ ರೈಲು. ಅವಿನ್ಯೋಂನ 14ನೇ ಶತಮಾನದ ಊರಗೋಡೆ 4.3 ಕಿ.ಮೀ. ಇದೆ. ಅಗಳು ಮುಚ್ಚಿಹೋಗಿರುವುದರಿಂದ ಗಿಡ್ಡವಾಗಿ ಕಾಣುತ್ತದೆ. 25ರಂದು ಬಸ್ಸಿನಲ್ಲಿ ಕಾರ್ಕಸೋನ್‌ಗೆ ಹೋಗುವಾಗ ಇನ್ನೊಂದು ಕೋಟೆಯೂರು ಏಗ್–ಮೋರ್ತ್‌ನಲ್ಲಿ ಇಳಿಯುತ್ತೇವೆ. ಗೋಡೆಯ ಮೇಲಿನ ಸುತ್ತು 1.6 ಕಿ.ಮೀ., ನೆರಳಿಲ್ಲ, ಟೋಪಿ, ನೀರು ಕೈಯಲ್ಲಿರಲಿ. ಅಲ್ಲಿನ ಕೋನ್‌ಸ್ತಾನ್ಸ್ ಗೋಪುರದ ಗೋಡೆ 6 ಮೀಟರ್ ದಪ್ಪ. ತನ್ನ ಪ್ರಾಟೆಸ್ಟಂಟ್ ನಂಬಿಕೆ ಬಿಡದ ಮರಿ ದ್ಯುರಾನ್ ಅದರೊಳಗೆ 1730ರಿಂದ 1768ರವರೆಗೆ ಸೆರೆಯಲ್ಲಿದ್ದಳು. ಅವಸರ ಮಾಡದೆ ನಿಲ್ಲಬೇಕಾದ ಜಾಗ ಅದು.

ಅವಿನ್ಯೋಂ ಬಳಿಯ ಬೂಲ್‌ಬೋನ್ ಕಲ್ಲುಗಣಿಯನ್ನು ಕೈಬಿಟ್ಟದ್ದಕ್ಕೆ ಹಲವರಿಗೆ ಬೇಸರವಾಗುತ್ತದೆಂದು ಬಲ್ಲೆವು. 1985ರಲ್ಲಿ ಪೀಟರ್ ಬ್ರೂಕ್ ಒಂಬತ್ತು ಗಂಟೆಯ ಮಹಾಭಾರತ ಆಡಿಸಿದ್ದು ಅಲ್ಲೇ. ದ್ರೌಪದಿಯಾಗಿ ಮಲ್ಲಿಕಾ ಸಾರಾಭಾಯಿ. ಆದರೆ ಆಟವಿಲ್ಲದಾಗ ಅದು ಬರೀ ಬಂಡೆ. ಜುಲೈನ ಪ್ರದರ್ಶನಕ್ಕೆಂದೇ ಹಣ ಕಟ್ಟಿದವರಿಗೆ ಪೂರ್ತಿ ಮೊತ್ತ ಮರಳಿಸುತ್ತೇವೆ.

ಸೆಪ್ಟೆಂಬರ್‌ಗೂ ಅದರದೇ ಕೊರತೆಗಳಿವೆ. ಸೂರ್ಯ ಏಳೂವರೆ ಸುಮಾರಿಗೆ ಮುಳುಗುತ್ತಾನೆ; ಜುಲೈನಲ್ಲಾದರೆ ಒಂಬತ್ತೂವರೆ. ಶರತ್ಕಾಲದಲ್ಲಿ ಸೆವೆನ್ ಬೆಟ್ಟಗಳ ಕಡೆಯಿಂದ ಒಮ್ಮೆಲೇ ಭಾರಿ ಮಳೆ ಸುರಿಯುವುದುಂಟು. ಸವೆದ ಸುಣ್ಣಕಲ್ಲು ನೆನೆದರೆ ಜಾರುತ್ತದೆ, ರಬ್ಬರ್ ಅಡಿಯ ಷೂ ಬೇಕೇಬೇಕು. 19–20ರಂದು ಪಾರಂಪರಿಕ ತಾಣಗಳ ದಿನಾಚರಣೆಯ ನೂಕುನುಗ್ಗಲಿರುವುದರಿಂದ 21ನ್ನು ಆರಿಸಿದೆವು.

ವೀಸಾ: ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಹಾಕಬಹುದು, 15 ದಿನಕ್ಕಿಂತ ತಡವಾಗಬಾರದು. ವಿಮೆ 30,000 ಯೂರೊಗೆ ಕಡಿಮೆಯಿರಬಾರದು. ಜುಲೈಗೆ ವೀಸಾ ಆಗಲೇ ಪಡೆದವರು ಅದರ ಕೊನೆಯ ದಿನಾಂಕ ನೋಡಿ ನಮಗೆ ತಿಳಿಸಿ. ಹೊಸ ಅರ್ಜಿಯ ಶುಲ್ಕ ನಮ್ಮದು.

ಗಣೇಶನ ಹಬ್ಬ 14ಕ್ಕೇ ಮುಗಿಯುತ್ತದೆ, ನವರಾತ್ರಿಗೆ ಮೊದಲೇ ಮನೆಯಲ್ಲಿರುತ್ತೀರಿ. ಪಿತೃಪಕ್ಷ ಮಾತ್ರ 27ರಿಂದ ಶುರು. ಮೊದಲ ದಿನಗಳಲ್ಲೇ ತಿಥಿ ಇರುವವರು ಈಗಲೇ ಹೇಳಿದರೆ 26ರಂದು ತುಲೂಸ್‌ನಿಂದ ಹೊರಡುವ ಹಾಗೆ ಟಿಕೆಟ್ ಮಾಡಿಸುತ್ತೇವೆ.