ಹಸಿರು ಬ್ಯಾಗಿನ ಫೋಟೊ ಇನ್ನೂ ಸುತ್ತುತ್ತಿದೆ

ಮಾನ್ಯ ಸಂಪಾದಕರೇ,

ಪರಿಚಯದವರ ಸರಪಳಿ ಹಿಡಿದು ಹೋದರೆ ಜಗತ್ತಿನ ಯಾವ ಇಬ್ಬರ ನಡುವೆಯೂ ಇರುವುದು ಆರೇ ಜನ ಅನ್ನೋ ಮಾತು ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಓದಲು ಖುಷಿಯಾಗುತ್ತದೆ. ಆದರೆ ಆ ಕತೆಯಲ್ಲಿ ನಮ್ಮ ಕಸುಬಿನವನೊಬ್ಬ ಇದ್ದಾನೆ. ಅವನ ಸುದ್ದಿ ಯಾರೂ ಎತ್ತುವುದಿಲ್ಲ. ನಾನು ಅರಸೀಕೆರೆಯಲ್ಲಿ 31 ವರ್ಷದಿಂದ ಬಟ್ಟೆ ಅಂಗಡಿ ನಡೆಸುತ್ತಿದ್ದೇನೆ. ಅವನೂ ಬಟ್ಟೆ ವ್ಯಾಪಾರಿಯೇ.

1960ರ ದಶಕದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಂ ಎಂಬ ಅಮೆರಿಕದ ಮನಃಶಾಸ್ತ್ರಜ್ಞ ಒಂದು ಪರೀಕ್ಷೆ ಮಾಡಿದರು. ಬಾಸ್ಟನ್‌ನಲ್ಲಿ ಕೆಲಸ ಮಾಡುವ ಒಬ್ಬ ಷೇರು ದಲ್ಲಾಳಿಗೆ ಕಾಗದ ಮುಟ್ಟಿಸಬೇಕು. ಶುರು ಮಾಡುವವರಲ್ಲಿ ಜಾಸ್ತಿ ಜನ ದೂರದ ನೆಬ್ರಾಸ್ಕಾದವರು. ನೇರ ಅಂಚೆಗೆ ಹಾಕುವಂತಿಲ್ಲ. ತನಗೆ ಚೆನ್ನಾಗಿ ಗೊತ್ತಿರುವವರ ಕೈಗೆ ಮಾತ್ರ ದಾಟಿಸಬೇಕು. 296 ಜನರಿಂದ ಶುರುವಾಗಿ ಕೊನೆಗೆ ಮುಟ್ಟಿದ್ದು 64. ಹಾಗೆ ಮುಟ್ಟಿದ ಕಾಗದಗಳು ನಡುವೆ ಸರಾಸರಿ ಐದು ಚಿಲ್ಲರೆ ಜನರ ಕೈ ದಾಟಿದ್ದವು. ಆ 64ರಲ್ಲಿ 16 ಕಾಗದ ದಲ್ಲಾಳಿಯ ಊರಿನ ಒಬ್ಬನೇ ಬಟ್ಟೆ ವ್ಯಾಪಾರಿಯ ಕೈಯಿಂದ ಹೋಗಿದ್ದವು.

ಮಗಳು ಇದನ್ನು ಓದಿ ಹೇಳಿದಾಗ ನನಗೆ ನಗು ಬಂತು. ಇರಲೇಬೇಕಲ್ವಾ? ಮಗು ಹುಟ್ಟಿದರೆ ಬಟ್ಟೆ ಬೇಕು, ಮದುವೆಗೆ ಬೇಕು, ತೀರಿಕೊಂಡರೂ ಬೇಕು. ಒಂದು ಸೀರೆ ಬಿಡಿಸಿ ತೋರಿಸುವಷ್ಟರಲ್ಲಿ ‘ಯಾವೂರಾಯ್ತು? ಯಾರ ಮನೆ ಕಡೆಯವ್ರು?’ ಅಂತ ನಾವು ಕೇಳಿಯೇ ಕೇಳುತ್ತೇವೆ.

ಈಗ ನಮ್ಮ ಅಂಗಡಿಯದೇ ಒಂದು ವಿಷಯ. ಹೋದ ಮದುವೆ ಸೀಸನ್ನಿನಲ್ಲಿ ಯಾರೋ ಬೆಂಚಿನ ಮೇಲೆ ಹಸಿರು ವೈರ್ ಬ್ಯಾಗ್ ಬಿಟ್ಟು ಹೋಗಿದ್ದರು. ಒಳಗೆ ಬಿಪಿ ಮಾತ್ರೆ, ಎಲೆಅಡಿಕೆ ಸಂಚಿ, ಕರ್ಚೀಫಿನಲ್ಲಿ ಗಂಟು ಕಟ್ಟಿದ 2,300 ರೂಪಾಯಿ, ಅಳತೆಗೆ ಅಂತ ತಂದಿದ್ದ ಒಂದು ಹಳೇ ರವಿಕೆ. ಹೆಸರಿಲ್ಲ, ಫೋನ್ ನಂಬರಿಲ್ಲ. ಮಗಳು ತಕ್ಷಣ ಫೋಟೊ ತೆಗೆದು, ‘ಈ ಬ್ಯಾಗ್ ಸಿಕ್ಕಿದೆ, ಸಂಬಂಧಪಟ್ಟವರು ಕರೆ ಮಾಡಿ’ ಅಂತ ನನ್ನ ನಂಬರ್ ಹಾಕಿ ವಾಟ್ಸ್‌ಆ್ಯಪ್‌ಗೆ ಬಿಟ್ಟಳು. ಊರು ಬರೆಯಲಿಲ್ಲ. ಆ ಗುಂಪಿನಲ್ಲಿದ್ದವರೆಲ್ಲ ನಮ್ಮೂರಿನವರೇ, ಬರೆಯಬೇಕು ಅಂತ ಅವಳಿಗೆ ಹೊಳೆಯಲಿಲ್ಲ. ತಾರೀಕೂ ಇಲ್ಲ.

ನಾನು ರವಿಕೆ ಒಳಮೈ ತಿರುಗಿಸಿ ನೋಡಿದೆ. ಪಕ್ಕದಲ್ಲಿ ಎರಡು ಬೆರಳು ಬಟ್ಟೆ ಬಿಟ್ಟು, ಅದರ ಅಂಚನ್ನು ಮಿಷನ್ನಿಗೆ ಕೊಡದೆ ಕೈಯಲ್ಲೇ ಹೊಲಿದಿದ್ದರು. ಈಗ ಯಾರಿಗೆ ಅಷ್ಟು ಪುರುಸೊತ್ತಿದೆ? ನನಗೆ ಗೊತ್ತಿರುವಂತೆ ಹಾಗೆ ಹೊಲಿಯುವವರು ಬಾಣಾವರದ ಒಬ್ಬ ಟೈಲರ್, ನಮ್ಮಲ್ಲೇ ಲೈನಿಂಗ್ ಬಟ್ಟೆ ತಗೊಂಡು ಹೋಗುವವರು. ಮಾರನೇ ದಿನ ರವಿಕೆ ಹಿಡಿದುಕೊಂಡು ಹೋದೆ. ‘ಮದ್ವೆ ಸೀಜನ್ನು ಅಣ್ಣ, ಇಟ್ಟು ಹೋಗಿ, ನೋಡ್ತೀನಿ’ ಅಂದರು. ಇಟ್ಟು ಬಂದಿದ್ದರೆ ಅದು ಇವತ್ತಿಗೂ ಅವರ ಚೂರು ಬಟ್ಟೆ ರಾಶಿಯಲ್ಲೇ ಇರುತ್ತಿತ್ತು. ನಾನು ಸ್ಟೂಲ್ ಎಳೆದುಕೊಂಡು ಕೂತೆ. ಎರಡು ಪೈಜಾಮ ಮುಗಿದ ಮೇಲೆ ಕೈಗೆ ತಗೊಂಡರು. ‘ಇದು ನಂದಲ್ಲ. ನನ್ನತ್ರ ಕಲಿತ ಹುಡುಗಿದು’ ಅಂದರು. ಆಕೆಯನ್ನು ಜಾವಗಲ್ ಹತ್ತಿರದ ಊರಿಗೆ ಕೊಟ್ಟಿದೆ. ಫೋನ್ ಮಾಡಿದೆವು. ‘ಅಯ್ಯೋ, ಹಿಂದಿನ ಬೀದಿ ಅಜ್ಜಿದು! ಬ್ಯಾಗು ಬಸ್ಸಲ್ಲೇ ಹೋಯ್ತು ಅಂತ ಊಟ ಬಿಟ್ಟು ಕೂತವ್ರೆ’ ಅಂದಳು.

ನನಗೂ ಅಜ್ಜಿಗೂ ನಡುವೆ ಇದ್ದವರು ಇಬ್ಬರೇ.

ಮೂರನೇ ದಿನ ಅಜ್ಜಿ ಬಂದರು. ನನ್ನೆದುರೇ ದುಡ್ಡು ಎಣಿಸಿಕೊಂಡರು. ಅದೇ ಬಣ್ಣದ ಒಂದು ಬ್ಲೌಸ್ ಪೀಸ್ ತಗೊಂಡು, ಅದರಲ್ಲೂ ಹತ್ತು ರೂಪಾಯಿ ಮುರಿಸಿಕೊಂಡರು.

ಫೋಟೊ ಮಾತ್ರ ನಿಲ್ಲಲಿಲ್ಲ. ಕಲಬುರಗಿಯಿಂದ ಫೋನ್ ಬಂತು, ಮಸ್ಕತ್‌ನಿಂದ ಬಂತು. ‘ಬ್ಯಾಗಲ್ಲಿ ಮಗು ಇತ್ತಂತೆ, ಹೌದಾ?’ ಅಂತ ಒಬ್ಬರು ಕೇಳಿದರು. ಮಸ್ಕತ್‌ನ ಹುಡುಗನ ಜೊತೆ ಮಾತಾಡಿದಾಗ ಅವನ ಸೋದರಮಾವ ನಮ್ಮ ಅಂಗಡಿಯ ಹಳೇ ಗಿರಾಕಿ ಅಂತ ತಿಳಿಯಿತು. ಹಾಗಾಗಿ ಜಗತ್ತು ಚಿಕ್ಕದು ಅನ್ನೋದರಲ್ಲಿ ನನಗೆ ಅನುಮಾನವಿಲ್ಲ. ಫೇಸ್‌ಬುಕ್‌ನವರು 2016ರಲ್ಲಿ ತಮ್ಮ ಸುಮಾರು 159 ಕೋಟಿ ಬಳಕೆದಾರರನ್ನು ಲೆಕ್ಕ ಹಾಕಿ, ಇಬ್ಬರ ನಡುವೆ ಇರುವುದು ಸರಾಸರಿ 3.57 ಜನ ಅಂದಿದ್ದರು.

ನನ್ನ ತಕರಾರು ಬೇರೆ. ಆ ಮೂರೂವರೆ ಜನ ಇದ್ದಾರೆ ಸರಿ, ಕೆಲಸ ಮಾಡುತ್ತಾರಾ? 2003ರಲ್ಲಿ ಇನ್ನೊಂದು ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ಈ ಸಲ ಕಾಗದದ ಬದಲು ಇಮೇಲ್. ಶುರುವಾದ ಸರಪಳಿಗಳು 24,163. ಗುರಿ ಮುಟ್ಟಿದವು 384. ಯಾರಿಗೆ ಕಳಿಸಬೇಕೋ ತೋಚಲಿಲ್ಲ ಅಂದವರು ತೀರಾ ಕಡಿಮೆ. ಉಳಿದವರು ಸುಮ್ನೆ ಕೈಬಿಟ್ಟರು. ಬಾಣಾವರದ ಟೈಲರ್ ಥರ, ಇಟ್ಟು ಹೋಗಿ, ನೋಡ್ತೀನಿ.

ವಾಟ್ಸ್‌ಆ್ಯಪ್ ಬಂದ ಮೇಲೆ ಇದು ತಿರುಗಾಮುರುಗಾ ಆಗಿದೆ. ಈಗ ಯಾರೂ ಕೈಬಿಡುವುದಿಲ್ಲ, ಎಲ್ಲರೂ ಒತ್ತುತ್ತಾರೆ. ‘ಇದು ಯಾರಿಗೆ ಗೊತ್ತಿರಬಹುದು’ ಅಂತ ಒಂದು ಗಳಿಗೆ ಯೋಚಿಸಿ ಒಬ್ಬರಿಗೆ ಕಳಿಸುವುದು ಬಿಟ್ಟು ಇನ್ನೂರು ಜನರಿರುವ ಗುಂಪಿಗೆ ಹಾಕಿ ಪುಣ್ಯ ಬಂತು ಅಂದುಕೊಳ್ಳುತ್ತಾರೆ. ಕಾಣೆಯಾದ ಮಕ್ಕಳ ಫೋಟೊ, ರಕ್ತ ಬೇಕು ಅನ್ನೋ ಮನವಿ, ಎಲ್ಲದರ ಗತಿಯೂ ಇದೇ. ಮಗು ಮನೆ ಸೇರಿ ವರ್ಷವಾಗಿದ್ದರೂ ಫೋಟೊ ಬರುತ್ತಲೇ ಇರುತ್ತದೆ. ನಿಜವಾಗಿ ಇವತ್ತು ಕಾಣೆಯಾದ ಮಗುವಿನ ಫೋಟೊ ಬಂದರೂ, ‘ಓ, ಇದೂ ಹಳೇದೇ’ ಅಂತ ಜನ ಮುಂದೆ ಜರುಗಿಸುತ್ತಾರೆ.

ಆದ್ದರಿಂದ ನಿಮ್ಮ ಓದುಗರಲ್ಲಿ ಒಂದು ಕೋರಿಕೆ. ಇಂಥದ್ದೇನಾದರೂ ಕಳಿಸುವಾಗ ಊರು, ತಾರೀಕು ಬರೆಯಿರಿ. ವಸ್ತು ಸಿಕ್ಕ ಮೇಲೆ ‘ಸಿಕ್ಕಿದೆ’ ಅಂತ ಅದೇ ಗುಂಪಿಗೆ ಹಾಕಿ. ಮಗಳು ಹಾಕಿದಳು, ಆದರೆ ಅಷ್ಟರಲ್ಲಿ ಫೋಟೊ ಬೇರೆ ಬೇರೆ ಗುಂಪು ಸೇರಿ ಊರು ಬಿಟ್ಟಾಗಿತ್ತು.

ಈ ಪತ್ರ ಬರೆಯುತ್ತಿರುವಾಗಲೂ ಹೊಸಪೇಟೆಯಿಂದ ಒಬ್ಬರು ಫೋನ್ ಮಾಡಿದ್ದರು. ಹಸಿರು ವೈರ್ ಬ್ಯಾಗ್, ಪಕ್ಕದಲ್ಲಿ ಎಲೆಅಡಿಕೆ ಸಂಚಿ, ಹಿಂದೆ ನಮ್ಮ ಅಂಗಡಿಯ ಮರದ ಬೆಂಚು. ಈ ಫೋಟೊ ನಿಮಗೂ ಬಂದರೆ ದಯವಿಟ್ಟು ಅಳಿಸಿಬಿಡಿ. ಬ್ಯಾಗ್ ಜಾವಗಲ್ ಕಡೆಗೆ ಹೋಗಿ ಎಷ್ಟೋ ದಿನವಾಯಿತು.

— ಒಬ್ಬ ಬಟ್ಟೆ ವ್ಯಾಪಾರಿ, ಅರಸೀಕೆರೆ